ಕಿಲಿಮಂಜಾರೋ ಬಿಟ್ಟು ರುವೆಂಜೋರಿಗೆ ಹೋಗಬಹುದಾ? ಮಲೆನಾಡಿನ ಚಾರಣದ ಅನುಭವ ಸಾಕಾ?

ನಿಮ್ಮ ಪ್ರಶ್ನೆ ಇಷ್ಟು: ಕುಮಾರ ಪರ್ವತ, ಕುದುರೆಮುಖ ಹತ್ತಿದ್ದೀರಿ, ಹಿಮಾಲಯಕ್ಕೆ ಇನ್ನೂ ಹೋಗಿಲ್ಲ. ಗೈಡ್ ಜೊತೆ ಆಫ್ರಿಕಾದಲ್ಲಿ ಒಂದು ವಾರ ನಡೆಯುವ ಆಸೆ. ಕಿಲಿಮಂಜಾರೋದ ಗದ್ದಲ ಬೇಡ, ಉಗಾಂಡಾದ ರುವೆಂಜೋರಿ ಆಗುತ್ತದಾ ಅಂತ.

ಆಗುತ್ತದೆ, ಧಾರಾಳವಾಗಿ ಹೋಗಿ. ಆದರೆ ಬರೀ ಶಿಖರದ ಆಸೆಗೆ ಹೋಗಬೇಡಿ. ನಾನು ಅಲ್ಲಿನ ಸೆಂಟ್ರಲ್ ಸರ್ಕ್ಯೂಟ್ ಅನ್ನುವ ಸುತ್ತುದಾರಿಯಲ್ಲಿ ಹೋಗಿ ಬಂದಿದ್ದೇನೆ. ಅಲ್ಲಿ ಮನಸ್ಸು ತುಂಬಿದ್ದೆಲ್ಲ ಶಿಖರಕ್ಕಿಂತ ಕೆಳಗೇ ಇತ್ತು.

ರುವೆಂಜೋರಿ ಒಂದೇ ಬೆಟ್ಟ ಅಲ್ಲ, ಉಗಾಂಡಾ ಮತ್ತು ಕಾಂಗೋ ಗಡಿಯಲ್ಲಿ ನಿಂತ ಸಾಲು. ಕಿಲಿಮಂಜಾರೋ ಥರ ಜ್ವಾಲಾಮುಖಿಯಿಂದ ಆಗಿದ್ದಲ್ಲ, ನೆಲವೇ ಮೇಲೆದ್ದು ಆಗಿದ್ದು. ಮೌಂಟ್ ಸ್ಟ್ಯಾನ್ಲಿಯ ಮಾರ್ಗರೀಟಾ ಶಿಖರ 5109 ಮೀಟರ್. ಎತ್ತರದಲ್ಲಿ ಕಿಲಿಮಂಜಾರೋ, ಮೌಂಟ್ ಕೆನ್ಯಾ ಬಿಟ್ಟರೆ ಆಫ್ರಿಕಾದಲ್ಲಿ ಇದೇ. ಭೂಮಧ್ಯರೇಖೆಯ ಪಕ್ಕದಲ್ಲೇ ಇದ್ದರೂ ಮೇಲೆ ಹಿಮನದಿ ಇದೆ.

ಈಗ ಕಷ್ಟದ ವಿಷಯ. ಎಲ್ಲರೂ ಎತ್ತರಕ್ಕೆ ಹೆದರುತ್ತಾರೆ, ಆದರೆ ಇಲ್ಲಿ ದಿನವಿಡೀ ಕಾಡುವುದು ಕೆಸರು. ಡಿಸೆಂಬರ್‌ನಿಂದ ಫೆಬ್ರವರಿ, ಆಮೇಲೆ ಜೂನ್‌ನಿಂದ ಆಗಸ್ಟ್ ಸ್ವಲ್ಪ ಒಣ ಕಾಲ ಅನ್ನುತ್ತಾರೆ. ಆಗಲೂ ಮಳೆ ಬರುತ್ತದೆ. ಟ್ರೆಕ್ಕಿಂಗ್ ಶೂ ಬದಿಗಿಟ್ಟು ಗಮ್ ಬೂಟ್ ಹಾಕಿಕೊಂಡು ನಡೆಯುವ ದಿನಗಳೇ ಜಾಸ್ತಿ. ರಾತ್ರಿ ತಂಗುವ ಜಾನ್ ಮ್ಯಾಟೆ ಗುಡಿಸಲಿನಿಂದ ಮುಂದಿನ ಗುಡಿಸಲು ಬುಜುಕು ಕಡೆಗೆ ಹೋಗುವಾಗ ಬಿಗೋ ಅನ್ನುವ ಜೌಗು ಬಯಲು ಸಿಗುತ್ತದೆ. ಕೆಲವು ಕಡೆ ಮರದ ಹಲಗೆ ಹಾಸಿದ್ದಾರೆ. ಇಲ್ಲದ ಕಡೆ ಹುಲ್ಲಿನ ದಿಬ್ಬದಿಂದ ದಿಬ್ಬಕ್ಕೆ ಕಾಲಿಡಬೇಕು. ನಮ್ಮ ಗೈಡ್ ಮೊದಲು ಕೋಲು ಊರಿ ನೋಡುತ್ತಿದ್ದರು. ಕೋಲು ಇಳಿಯಿತೋ, ಆ ಕಡೆ ಹೋಗುವ ಹಾಗಿಲ್ಲ. ದಿಬ್ಬದ ನೆತ್ತಿಗೇ ಕಾಲಿಡಿ, ಅಂಚಿಗೆ ಬೇಡ. ಅಂಚಿಗಿಟ್ಟರೆ ಕಾಲು ಜಾರಿ ಮೊಣಕಾಲವರೆಗೂ ಹೂತುಕೊಳ್ಳುತ್ತದೆ, ಬೂಟಿನೊಳಗೆ ತಣ್ಣಗಿನ ನೀರು.

ಹಾಗಾಗಿ ನಿಮ್ಮ ಮಲೆನಾಡಿನ ಅನುಭವವನ್ನು ಕಡಿಮೆ ಅಂದುಕೊಳ್ಳಬೇಡಿ. ಮಳೆಯಲ್ಲಿ ಜಾರುವ ಬೇರಿನ ಮೇಲೆ ಗಂಟೆಗಟ್ಟಲೆ ನಡೆದವರಿಗೆ ಅಲ್ಲಿ ಕಾಲು ಬೇಗ ಹೊಂದಿಕೊಳ್ಳುತ್ತದೆ. ಗಮ್ ಬೂಟ್ ಹಾಕಿಕೊಂಡು ಮನೆ ಹತ್ತಿರವೇ ದೂರ ನಡೆದು ಅಭ್ಯಾಸ ಮಾಡಿ. ದಪ್ಪ ಉಣ್ಣೆ ಸಾಕ್ಸ್ ಹಾಕಿದ ಮೇಲೂ ಬೆರಳು ಆಡುವಷ್ಟು ಜಾಗ ಇರಲಿ. ಒಂದು ಜೊತೆ ಒಣ ಸಾಕ್ಸ್ ರಾತ್ರಿಗೆ ಅಂತಲೇ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ. ಎಷ್ಟೇ ಒದ್ದೆಯಾದರೂ ಹಗಲಲ್ಲಿ ಅದನ್ನು ಮುಟ್ಟಬೇಡಿ.

ಎತ್ತರ ಸುಮ್ನೆ ಬಿಡುವ ವಿಷಯ ಅಂತಲೂ ಅಲ್ಲ. ದಾರಿ ನ್ಯಾಕಲೆಂಗಿಜಾ ಹಳ್ಳಿಯಿಂದ ಶುರು. ತಂಗುವ ಗುಡಿಸಲುಗಳಲ್ಲಿ ನ್ಯಾಬಿಟಾಬಾ 2651 ಮೀಟರ್, ಬುಜುಕು 3962, ಎಲೆನಾ 4541. ಬುಜುಕುವಿನಿಂದ ಎಲೆನಾಗೆ ಒಂದೇ ದಿನದಲ್ಲಿ ಏರುವುದು ಜಾಸ್ತಿಯೇ. ಮಾಮೂಲಿ ಸುತ್ತು ಏಳು ದಿನ. ನಿಮಗೆ ಇದೇ ಮೊದಲ ಎತ್ತರದ ಚಾರಣ, ಅಲ್ವಾ? ಬುಜುಕುವಿನಲ್ಲಿ ಇನ್ನೊಂದು ದಿನ ಉಳಿಯುವ ಹಾಗೆ ಕೇಳಿ ಮಾಡಿಸಿಕೊಳ್ಳಿ. ಖರ್ಚು ಸ್ವಲ್ಪ ಏರುತ್ತದೆ, ಆದರೂ ಅದು ದಂಡ ಅಲ್ಲ. ತಲೆನೋವಿನ ಜೊತೆ ವಾಂತಿ, ತೂರಾಟ ಅಥವಾ ಕೂತಾಗಲೂ ಉಸಿರು ಕಟ್ಟುವುದು ಶುರುವಾದರೆ ಕೆಳಗಿಳಿಯುವುದೇ ಮದ್ದು. ಎತ್ತರದ ಕಾಯಿಲೆ ತಡೆಯುವ ಡಯಾಮಾಕ್ಸ್ ಮಾತ್ರೆ ಬಗ್ಗೆ ಹೊರಡುವ ಮೊದಲೇ ಡಾಕ್ಟರ್ ಹತ್ತಿರ ಮಾತಾಡಿ, ಸಲ್ಫಾ ಅಲರ್ಜಿ ಇದ್ದರೆ ಮರೆಯದೆ ಹೇಳಿ.

ಎಲೆನಾದಿಂದ ಶಿಖರಕ್ಕೆ ಇನ್ನೂ ಕತ್ತಲಿರುವಾಗಲೇ ಹೊರಡುತ್ತಾರೆ. ಬೂಟಿಗೆ ಕಟ್ಟುವ ಮುಳ್ಳು (ಕ್ರ್ಯಾಂಪಾನ್), ಸೊಂಟಕ್ಕೆ ಕಟ್ಟುವ ಪಟ್ಟಿ (ಹಾರ್ನೆಸ್), ಹಿಮಗೊಡಲಿ (ಐಸ್ ಆಕ್ಸ್) ಬೇಕು, ಎಲ್ಲರನ್ನೂ ಒಂದೇ ಹಗ್ಗಕ್ಕೆ ಕಟ್ಟುತ್ತಾರೆ. ಹಿಮದ ಮೇಲೆ ಎಂದೂ ನಡೆಯದವರಿಗೆ ಇದು ಸಲೀಸಲ್ಲ. 1906ರಲ್ಲಿ ಇಟಲಿಯ ಡ್ಯೂಕ್ ಆಫ್ ಅಬ್ರುಜ್ಜಿ ತಂಡ ಮಾರ್ಗರೀಟಾ ಹತ್ತಿದಾಗ ಈ ಸಾಲಿನ ಆರು ಬೆಟ್ಟಗಳ ಮೇಲೆ 43 ಹಿಮನದಿಗಳಿದ್ದವು. 2005ರ ಹೊತ್ತಿಗೆ ಅರ್ಧಕ್ಕಿಂತ ಕಡಿಮೆ ಉಳಿದಿದ್ದವು, ಅದೂ ಮೂರೇ ಬೆಟ್ಟಗಳ ಮೇಲೆ. ಈಗ ಇನ್ನೂ ಕರಗಿದೆ. ಹಿಮ ಹಿಂದೆ ಸರಿದ ಕಡೆ ಬೋಳು ಬಂಡೆ ನೋಡಿದಾಗ ಹೊಟ್ಟೆ ಉರಿಯುತ್ತದೆ. ನಿಮ್ಮ ಮುಂದಿನ ತಲೆಮಾರಿಗೆ ಅದು ಸಿಗುವುದು ಕಷ್ಟ.

ಗಿಡಗಳ ಬಗ್ಗೆ ಹೇಳಲೇಬೇಕು. ಬುಜುಕುವಿನ ಹತ್ತಿರ ಮನುಷ್ಯನಿಗಿಂತ ಎತ್ತರದ ಗ್ರೌಂಡ್‌ಸೆಲ್ ಮರಗಳಿವೆ. ಒಣಗಿದ ಎಲೆ ಉದುರದೆ ಕಾಂಡಕ್ಕೇ ಅಂಟಿಕೊಂಡಿರುತ್ತದೆ, ಮರ ಕಂಬಳಿ ಹೊದ್ದ ಹಾಗೆ. ರಾತ್ರಿಯ ಚಳಿಯಿಂದ ಕಾಂಡವನ್ನು ಅದೇ ಕಾಯುತ್ತದೆ. ಪಕ್ಕದಲ್ಲಿ ಲೊಬೀಲಿಯಾ ಅನ್ನುವ ಇನ್ನೊಂದು ದೊಡ್ಡ ಗಿಡ. ಬೆಳಗ್ಗೆ ಅದರ ಎಲೆಗಳ ನಡುವೆ ಬಗ್ಗಿ ನೋಡಿದೆ. ನೀರು ನಿಂತಿತ್ತು, ಮೇಲೆ ತೆಳ್ಳಗೆ ಮಂಜುಗಡ್ಡೆ. ಬೆರಳಿಂದ ಒತ್ತಿದರೆ ಕೆಳಗೆ ನೀರು ನೀರಾಗಿಯೇ ಇತ್ತು. ಒಳಗಿನ ಎಳೆ ಮೊಗ್ಗು ಹೆಪ್ಪುಗಟ್ಟದೆ ಉಳಿಯುವುದು ಆ ನೀರಿನಿಂದಲೇ. ಕೆಳಗಿನ ಕಾಡಿನಲ್ಲಿ ಮೂರು ಕೊಂಬಿನ ಊಸರವಳ್ಳಿ ಇದೆ. ಗೈಡ್ ತೋರಿಸದಿದ್ದರೆ ಅದು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ.

ಗೈಡ್‌ಗಳು, ಪೋರ್ಟರ್‌ಗಳು ಹೆಚ್ಚಾಗಿ ಬೆಟ್ಟದ ತಪ್ಪಲಿನ ಕೊಂಜೋ ಜನ. ಬುಕ್ ಮಾಡುವ ಮುನ್ನ ಕಂಪನಿಯವರನ್ನು ನೇರವಾಗಿ ಕೇಳಿ: ಒಬ್ಬ ಪೋರ್ಟರ್ ಎಷ್ಟು ಕಿಲೋ ಹೊರುತ್ತಾರೆ? ದಿನಗೂಲಿ ಎಷ್ಟು? ಅವರಿಗೆ ರಾತ್ರಿ ಬೆಚ್ಚಗೆ ಮಲಗಲು ಏನು ವ್ಯವಸ್ಥೆ? ಯಾರಿಗಾದರೂ ಹುಷಾರು ತಪ್ಪಿದರೆ ಕೆಳಗಿಳಿಸುವುದು ಹೇಗೆ? ತಡವರಿಸುವವರನ್ನು ಬಿಟ್ಟುಬಿಡಿ, ಎಷ್ಟೇ ಅಗ್ಗವಾದರೂ.

ಸಸ್ಯಾಹಾರಿಗಳಿಗೆ ಊಟದ ಚಿಂತೆ ಬೇಡ. ಅನ್ನ, ಹುರುಳಿಕಾಯಿ ಬೀಜದ ಪಲ್ಯದಂಥದ್ದು, ಬಾಳೆಕಾಯಿಯ ಮಟೋಕೆ ಸಿಗುತ್ತದೆ. ಚಪಾತಿಯೂ ಸಿಗುತ್ತದೆ. ಹಿಂದೆ ಭಾರತದಿಂದ ಹೋದವರ ಜೊತೆ ಹೋಗಿ ಅದು ಉಗಾಂಡಾದ ದಿನನಿತ್ಯದ ತಿಂಡಿಯೇ ಆಗಿಬಿಟ್ಟಿದೆ.

ಹಳದಿ ಜ್ವರದ ಲಸಿಕೆ ಮರೆಯಬೇಡಿ. ಉಗಾಂಡಾಗೆ ಹೋಗಲು ಅದರ ಸರ್ಟಿಫಿಕೇಟ್ ಬೇಕು, ವಾಪಸ್ ಭಾರತಕ್ಕೆ ಬರುವಾಗಲೂ ಕೇಳುತ್ತಾರೆ. ಚುಚ್ಚಿಸಿಕೊಂಡು 10 ದಿನ ಆದ ಮೇಲಷ್ಟೇ ಅದು ಚಾಲ್ತಿಗೆ ಬರುತ್ತದೆ. ಎಂಟೆಬೆ ವಿಮಾನ ನಿಲ್ದಾಣದಲ್ಲಿ ಇಳಿದು ಬೆಟ್ಟದ ಹತ್ತಿರದ ಕಸೆಸೆ ಊರಿಗೆ ರಸ್ತೆಯಲ್ಲಿ ಹೋಗಲು ಒಂದು ಇಡೀ ದಿನ ಇಟ್ಟುಕೊಳ್ಳಿ. ಗಡಿ ಪ್ರದೇಶ ಆದ್ದರಿಂದ ಟಿಕೆಟ್ ಮಾಡಿಸುವ ಮೊದಲು ನಮ್ಮ ಹೈಕಮಿಷನ್‌ನ ಸೂಚನೆ ನೋಡಿ.

ಮಾರ್ಗರೀಟಾ ಬೇಡ ಅನಿಸಿದರೂ ಸುತ್ತು ನಿಲ್ಲುವುದಿಲ್ಲ. ಬುಜುಕುವಿನಿಂದ ಸ್ಕಾಟ್ ಎಲಿಯಟ್ ಕಣಿವೆದಾರಿ ದಾಟಿ ಕಿಟಾಂಡಾರಾ ಕೆರೆಗಳ ಕಡೆ ಇಳಿಯಬಹುದು. ಬುಕ್ ಮಾಡುವಾಗಲೇ ಎರಡೂ ದಾರಿಗೆ ಒಪ್ಪಿಸಿಕೊಂಡಿರಿ, ಬುಜುಕುವಿನಲ್ಲಿ ನಿಮ್ಮ ಮೈ ಹೇಗಿದೆ ನೋಡಿ ಗೈಡ್ ಜೊತೆ ಕೂತು ತೀರ್ಮಾನ ಮಾಡಬಹುದು.