ಫಿಲಿಪ್ಪೀನ್ಸ್‌ನಲ್ಲಿ ಮಿಷನರಿ: ಹೊಸ ಏರಿಯಾದಲ್ಲಿ ಮೊದಲ ವಾರ ಹೇಗೆ?

ಬೆಂಗಳೂರಿನಿಂದ ಫಿಲಿಪ್ಪೀನ್ಸ್‌ನ ಟಗಲೋಗ್ ಮಾತಾಡುವ ಕಡೆಗೆ ಲ್ಯಾಟರ್-ಡೇ ಸೇಂಟ್ಸ್ ಚರ್ಚಿನ ಎರಡು ವರ್ಷದ ಮಿಷನ್‌ಗೆ (ಧರ್ಮಪ್ರಚಾರ ಸೇವೆಗೆ) ಹೊರಟಿದ್ದೀರಿ. ನೀವೂ ಕಂಪ್ಯಾನಿಯನ್ನೂ (ನಿಮ್ಮ ಜೋಡಿಯ ಇನ್ನೊಬ್ಬ ಮಿಷನರಿ) ಇಬ್ಬರೂ ಹೊಸಬರಾಗಿ ಒಂದು ಏರಿಯಾಗೆ, ಅಂದರೆ ನಿಮಗೆ ಒಪ್ಪಿಸಿದ ಪ್ರದೇಶಕ್ಕೆ, ಬಿದ್ದರೆ ಎಲ್ಲಿಂದ ಶುರು ಮಾಡುವುದು ಎಂದು ಕೇಳಿದ್ದೀರಿ. ಆ ಕೆಲಸ ಚೆನ್ನಾಗಿ ಬಲ್ಲವನಾಗಿ ಹೇಳುತ್ತೇನೆ: ಮೊದಲ ವಾರವನ್ನು ವಾರ್ಡಿನವರಿಗೆ (ಅಲ್ಲಿನ ಚರ್ಚ್ ಸಭೆಯ ಸದಸ್ಯರಿಗೆ) ಕೊಡಿ, ಅಪರಿಚಿತರ ಬಾಗಿಲು ಆಮೇಲೆ. ಏರಿಯಾ, ಕಂಪ್ಯಾನಿಯನ್ ಬದಲಾಗಬಹುದಾದ ಟ್ರಾನ್ಸ್‌ಫರ್ ಆರು ವಾರಕ್ಕೊಮ್ಮೆ ಬರುತ್ತದೆ. ದಾರಿ ಹುಡುಕುವುದರಲ್ಲೇ ಎರಡು ವಾರ ಹೋದರೆ ಮೂರರಲ್ಲೊಂದು ಪಾಲು ಮುಗಿದಂತೆ.

ಬಂದ ಮರುದಿನವೇ ವಾರ್ಡಿನ ಮುಖ್ಯಸ್ಥರಾದ ಬಿಷಪ್‌ರನ್ನು (ಚಿಕ್ಕ ಊರಿನ ಚಿಕ್ಕ ಸಭೆಯಾದರೆ ಬ್ರಾಂಚ್ ಅಧ್ಯಕ್ಷರನ್ನು) ಮತ್ತು ಮಿಷನರಿ ಕೆಲಸಕ್ಕೆ ನೆರವಾಗುವ ವಾರ್ಡ್ ಮಿಷನ್ ಲೀಡರನ್ನು ಕಾಣಿ. ಹದಿನೈದು ನಿಮಿಷ ಸಾಕು. ಮೂರು ವಿಷಯ ಕೇಳಿ. ಕಳೆದ ಒಂದು ವರ್ಷದಲ್ಲಿ ದೀಕ್ಷಾಸ್ನಾನ ಪಡೆದವರು ಯಾರು, ಬರುವುದು ನಿಲ್ಲಿಸಿದವರಲ್ಲಿ ಯಾರ ಬಗ್ಗೆ ಅವರಿಗೆ ಹೆಚ್ಚು ಚಿಂತೆ, ಮನೆಯಲ್ಲಿ ಕೆಲವರು ಮಾತ್ರ ಸದಸ್ಯರಾಗಿರುವ ಕುಟುಂಬಗಳು ಯಾವುವು. ಮೊದಲ ಭೇಟಿಯಲ್ಲೇ “ನಿಮಗೆ ಗೊತ್ತಿರುವವರ ಹೆಸರು ಕೊಡಿ” ಎನ್ನಬೇಡಿ. ವರ್ಷಕ್ಕೆ ಹಲವು ಜೋಡಿ ಮಿಷನರಿಗಳು ಬಂದು ಹೋಗುವುದನ್ನು ಕಂಡವರು ಅವರು. ತಮ್ಮ ಸ್ನೇಹಿತರನ್ನು ಒಪ್ಪಿಸುವ ಮುನ್ನ ನಿಮ್ಮನ್ನು ನೋಡಬೇಕೆನ್ನಿಸುವುದು ಸಹಜ.

ಸದಸ್ಯರ ಪರಿಚಯ ಬೇಕಾಗುವುದಕ್ಕೆ ಇನ್ನೊಂದು ಕಾರಣವಿದೆ. ಮನೆಯಲ್ಲಿ ಹೆಂಗಸರು ಮಾತ್ರ ಇದ್ದರೆ ನೀವಿಬ್ಬರೇ ಒಳಗೆ ಹೋಗಿ ಪಾಠ ಹೇಳುವಂತಿಲ್ಲ, ವಾರ್ಡಿನ ಗಂಡಸರೊಬ್ಬರು ಜೊತೆಗಿರಬೇಕು. ಯಾರು ಯಾವ ಸಂಜೆ ಬಿಡುವಾಗಿರುತ್ತಾರೆ ಎಂದು ಭಾನುವಾರದ ಸಭೆ ಮುಗಿದ ಕೂಡಲೇ ಬರೆದುಕೊಳ್ಳಿ. ಆ ಪಟ್ಟಿ ಇಲ್ಲದೆ ವಾರದ ಪ್ಲಾನ್ ಮಾಡಿದರೆ ಅರ್ಧ ಪಾಠಗಳು ಗೇಟಿನ ಬಳಿಯೇ ನಿಲ್ಲುತ್ತವೆ.

ಹಿಂದಿನ ಜೋಡಿ ಬಿಟ್ಟುಹೋದ ಏರಿಯಾ ಬುಕ್ (ಭೇಟಿಯಾದವರ, ಮನೆಗಳ ದಾಖಲೆ) ಈಗ ಫೋನಿನ ಆ್ಯಪ್‌ನಲ್ಲೇ ಇರುತ್ತದೆ. ಓದಿ, ಆದರೆ ಕಾಲಲ್ಲಿ ನಡೆದು ಪರೀಕ್ಷಿಸುವ ತನಕ ನಂಬಬೇಡಿ. ಅಲ್ಲಿನ ಬರಾಂಗೈ ಎಂದರೆ ನಮ್ಮ ನಗರಸಭೆಯ ವಾರ್ಡೋ ಗ್ರಾಮವೋ ಇದ್ದ ಹಾಗೆ, ಅದರೊಳಗಿನ ಕೇರಿ ಪುರೋಕ್. ಎಷ್ಟೋ ಕಡೆ “ಪುರೋಕ್ 4” ಎಂಬುದೇ ಪೂರ್ತಿ ವಿಳಾಸ, ಮನೆ ನಂಬರ್ ಇರುವುದಿಲ್ಲ. ಹಾಗಾಗಿ ಪ್ರತಿ ಮನೆಗೂ ನೀವೇ ಬರೆಯಿರಿ: ಜೀಪ್ನಿಯಿಂದ (ಅಲ್ಲಿನ ಶೇರ್ ಜೀಪು) ಎಲ್ಲಿ ಇಳಿಯಬೇಕು, ಯಾವ ಸಾರಿ-ಸಾರಿ (ಚಿಲ್ಲರೆ) ಅಂಗಡಿಯ ಪಕ್ಕದ ಓಣಿ, ಗೇಟಿನ ಬಣ್ಣ, ನಾಯಿ ಇದೆಯೇ, ಮನೆಯವರು ಸಿಗುವ ಹೊತ್ತು. ಬರಾಂಗೈ ಕಚೇರಿಗೆ ಒಮ್ಮೆ ಹೋಗಿ ಮುಖ ತೋರಿಸಿ ಬರುವುದೂ ಒಳ್ಳೆಯದು. ಆಗ ಬಿಳಿ ಅಂಗಿಯ ಇಬ್ಬರು ಹುಡುಗರು ಯಾರೆಂದು ಊರಿಗೆ ಗೊತ್ತಿರುತ್ತದೆ. ಪರಿಚಯ ಹೇಳುವಾಗ ಚರ್ಚಿನ ಪೂರ್ತಿ ಹೆಸರು, ‘ದಿ ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್-ಡೇ ಸೇಂಟ್ಸ್’ ಎಂದೇ, ಹೇಳಿ. ಅಲ್ಲಿ 1914ರಿಂದ ಇಗ್ಲೇಸಿಯಾ ನಿ ಕ್ರಿಸ್ತೋ (ಅರ್ಥ ‘ಕ್ರಿಸ್ತನ ಚರ್ಚ್’) ಎಂಬ ಬೇರೆಯೇ ದೊಡ್ಡ ಚರ್ಚ್ ಇದೆ, ಹೆಸರು ಅರ್ಧಕ್ಕೆ ನಿಲ್ಲಿಸಿದರೆ ಅದೇ ಎಂದುಕೊಳ್ಳುತ್ತಾರೆ.

ಟಗಲೋಗ್ ಮಾತಿನಲ್ಲಿ ಗೌರವದ ‘ಪೋ’ ಬಿಡಬೇಡಿ. ನಮ್ಮ ಉತ್ತರ ಕರ್ನಾಟಕದ ‘ರಿ’ ಇದ್ದ ಹಾಗೆ ಅದು. ಜೀಪ್ನಿಯಲ್ಲಿ ದುಡ್ಡು ಮುಂದೆ ದಾಟಿಸುವಾಗ “ಬಾಯಾದ್ ಪೋ”, ಇಳಿಯುವಾಗ “ಪಾರಾ ಪೋ”. ಮುಂದೆ ಸೆಬುವಾನೋ ಆಡುವ ಕಡೆಗೆ ಹೋದರೆ ಆ ಭಾಷೆಯಲ್ಲಿ ‘ಪೋ’ ಇಲ್ಲ, ಗೌರವವನ್ನು ದನಿಯಲ್ಲೇ ತರಬೇಕು. ಟ್ರೈಸಿಕಲ್‌ನವರಿಗೆ (ಪಕ್ಕಕ್ಕೆ ಸೀಟು ಕಟ್ಟಿದ ಬಾಡಿಗೆ ಬೈಕ್) ‘ಸ್ಪೆಷಲ್’ ಎಂದರೆ ಎಲ್ಲ ಸೀಟಿನ ದುಡ್ಡೂ ನಿಮ್ಮದೇ. ಮಿಷನ್ ತಿಂಗಳ ಖರ್ಚಿಗೆ ಕಾರ್ಡಿಗೆ ಹಾಕುವ ಹಣ ಮೂರನೇ ವಾರಕ್ಕೇ ಖಾಲಿಯಾಗುವುದು ಇಂಥದ್ದರಿಂದ. ಸರಿಯಾದ ದರವನ್ನು ಹತ್ತುವ ಮುಂಚೆ ಸದಸ್ಯರೊಬ್ಬರನ್ನು ಕೇಳಿಟ್ಟುಕೊಳ್ಳಿ.

ಸಸ್ಯಾಹಾರಿಯಾಗಿದ್ದರೆ ಇದನ್ನು ಗಮನವಿಟ್ಟು ಓದಿ. “ಕಾರ್ನೆ (ಮಾಂಸ) ತಿನ್ನುವುದಿಲ್ಲ” ಎಂದರೆ ದನ, ಹಂದಿ ಬೇಡವೆಂದು ತಿಳಿದು ಕೋಳಿಯೋ ಮೀನೋ ಬಡಿಸಬಹುದು. “ಮನೋಕ್ (ಕೋಳಿ), ಇಸ್ದಾ (ಮೀನು) ಕೂಡ ಬೇಡ” ಎಂದು ಸೇರಿಸಿ. ತರಕಾರಿಯ ಪಿನಕ್ಬೆಟ್‌ನಲ್ಲೂ ಬಾಗೊಓಂಗ್, ಅಂದರೆ ಉಪ್ಪು ಹಾಕಿ ಹುದುಗಿಸಿದ ಸೀಗಡಿ ಅಥವಾ ಮೀನಿನ ಗೊಜ್ಜು, ಇರುತ್ತದೆ. ಊಟಕ್ಕೆ ಕರೆದ ಮನೆಯವರಿಗೆ ಒಂದು ದಿನ ಮೊದಲೇ ತಿಳಿಸಿ, ಬಡಿಸಿದ ಮೇಲೆ ಹೇಳಿದರೆ ಅವರಿಗೆ ನೋವಾಗುತ್ತದೆ. ಸ್ವಂತ ಅಡುಗೆಗೆ ಚಿಂತೆಯೇ ಇಲ್ಲ. ಅಲ್ಲಿನ ಮೊಂಗೋ ನಮ್ಮ ಹೆಸರುಕಾಳು, ಮಲುಂಗ್ಗೈ ನಮ್ಮ ನುಗ್ಗೆ ಸೊಪ್ಪು, ಅಂಪಲಾಯಾ ಹಾಗಲಕಾಯಿ, ಕಲಬಾಸಾ ಸಿಹಿಗುಂಬಳ. ಎಲ್ಲವೂ ಸಂತೆಯಲ್ಲಿ ಸಿಗುತ್ತವೆ. ಸಾಸಿವೆ, ಸಾರಿನಪುಡಿ ಮಾತ್ರ ಊರಿಂದ ಒಯ್ಯಿರಿ.

ಮನೆ ಸೇರಿದ ರಾತ್ರಿಯೇ ಗ್ಯಾಸ್ ಪೈಪಿಗೆ ಸೋಪಿನ ನೊರೆ ಹಚ್ಚಿ ಗುಳ್ಳೆ ಬರುತ್ತದೆಯೇ ನೋಡಿ, ಕಿಟಕಿಯ ಸೊಳ್ಳೆ ಜಾಲರಿ ಹರಿದಿದ್ದರೆ ಮಿಷನ್ ಆಫೀಸಿಗೆ ತಿಳಿಸಿ. ಡೆಂಗಿ ಹಗಲು ಕಚ್ಚುವ ಸೊಳ್ಳೆಯಿಂದ ಬರುತ್ತದೆ, ಬಕೆಟ್‌ಗಳನ್ನು ಮುಚ್ಚಿಡಿ. ಕುಡಿಯಲು ರೀಫಿಲ್ಲಿಂಗ್ ಸ್ಟೇಷನ್ನಿನ 5 ಗ್ಯಾಲನ್ ಕ್ಯಾನ್ ತರಿಸಿ, ಒಂದು ಕ್ಯಾನ್ ಸದಾ ತುಂಬಿರಲಿ, ಚಂಡಮಾರುತ ಬಂದರೆ ಸರಬರಾಜು ನಿಲ್ಲುತ್ತದೆ. ಕಾಲಲ್ಲಿ ಗಾಯವಿದ್ದರೆ ನೆರೆನೀರಿಗೆ ಇಳಿಯಲೇಬೇಡಿ, ಇಲಿಜ್ವರ ಬರುವುದು ಹಾಗೆಯೇ. ನಮ್ಮ ದುಂಡು ಪಿನ್ನಿನ ಚಾರ್ಜರ್ ಅಲ್ಲಿನ ಚಪ್ಪಟೆ ಪಿನ್ನಿನ ಸಾಕೆಟ್‌ಗೆ ಹಿಡಿಸುವುದಿಲ್ಲ, ಅಡಾಪ್ಟರ್ ಬೇಕು.

ಕಂಪ್ಯಾನಿಯನ್ ಜೊತೆ ಮೊದಲ ರಾತ್ರಿಯೇ ಅಡುಗೆ, ಪಾತ್ರೆ, ಫೋನು ಯಾರ ಪಾಲು ಎಂದು ಮಾತಾಡಿಕೊಳ್ಳಿ. “ನನ್ನ ಹಿಂದಿನ ಏರಿಯಾದಲ್ಲಿ ಹೀಗೆ ಮಾಡುತ್ತಿದ್ದೆವು” ಎಂಬ ಮಾತು ದಿನಕ್ಕೆ ನಾಲ್ಕು ಸಲ ಬಂದರೆ ಎಂಥ ಒಳ್ಳೆಯ ಹುಡುಗನೂ ಬೇಸರಪಡುತ್ತಾನೆ. ವಾರದ ಪ್ಲಾನ್ ಹಾಕುವಾಗ ಪರಸ್ಪರ ಅಸಮಾಧಾನಗಳನ್ನು ಹೇಳಿಕೊಳ್ಳಲು ಸಮಯವಿದೆ, ಅದನ್ನು ತಪ್ಪಿಸಬೇಡಿ.

ಮನೆಯ ನೆನಪು ಎರಡನೇ ವಾರ ಹೆಚ್ಚು ಕಾಡುತ್ತದೆ, ಮೊದಲ ವಾರದ ಗಡಿಬಿಡಿ ಆಗ ಇಳಿದಿರುತ್ತದೆ. ವಾರಕ್ಕೊಮ್ಮೆ ಪಿ-ಡೇಯಂದು (ಬಟ್ಟೆ, ಸಂತೆಯಂಥ ಸ್ವಂತ ಕೆಲಸದ ದಿನ) ಮನೆಗೆ ಫೋನ್ ಮಾಡಲು 2019ರಿಂದ ಅವಕಾಶವಿದೆ. ಫಿಲಿಪ್ಪೀನ್ಸ್ ನಮಗಿಂತ ಎರಡೂವರೆ ಗಂಟೆ ಮುಂದೆ. ಅಲ್ಲಿ ಬೆಳಗ್ಗೆ 10 ಎಂದರೆ ಅಮ್ಮ ಇಲ್ಲಿ 7.30ರ ತಿಂಡಿಯ ಗಡಿಬಿಡಿಯಲ್ಲಿರುತ್ತಾರೆ. ಮಧ್ಯಾಹ್ನ 12.30ಕ್ಕೆ ಮಾಡಿ, ಇಲ್ಲಿ 10 ಗಂಟೆ.