ಯಾರ ಜೊತೆ ಕೂತು ಓದುತ್ತಾಳೆ?

ಓದುಗರ ಪತ್ರ

ನಮ್ಮದು ಕಿರಾಣಿ ಅಂಗಡಿ. ನಾನಾಗಲಿ ನನ್ನ ಹೆಂಡತಿಯಾಗಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ಮಗಳು ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಈಗ ಪಿಯುಸಿ ಸೈನ್ಸ್ ಒಳ್ಳೆಯ ಮಾರ್ಕ್ಸ್ ತೆಗೆದು ಪಾಸಾಗಿದ್ದಾಳೆ. ಬಿಎಸ್ಸಿಗೆ ಎರಡು ಕಡೆ ಸೀಟು ಸಿಗುತ್ತದೆ. ಒಂದು ಬೆಂಗಳೂರಿನ ದೊಡ್ಡ ಹೆಸರಿನ ಕಾಲೇಜು, ಇನ್ನೊಂದು ಬಸ್ಸಿನಲ್ಲಿ ಹೋಗಿಬರುವಷ್ಟು ಹತ್ತಿರದ್ದು. ಬೆಂಗಳೂರಿನ ಕಾಲೇಜು ತನ್ನ ವಿದ್ಯಾರ್ಥಿಗಳು ಬಹಳ ತೃಪ್ತರಾಗಿದ್ದಾರೆ ಎಂದು ಸಮೀಕ್ಷೆಯ ಲೆಕ್ಕ ಅಚ್ಚು ಹಾಕಿಸಿದೆ. ಅದನ್ನು ನಂಬಬಹುದಾ? ಇವಳ ಅಣ್ಣ ಪಿಯುಸಿಯಲ್ಲಿ ಇವಳಿಗಿಂತ ಜಾಸ್ತಿ ಮಾರ್ಕ್ಸ್ ತೆಗೆದಿದ್ದ. ಎಂಜಿನಿಯರಿಂಗ್ ಸೇರಿ ಮೊದಲ ವರ್ಷವೇ ನಾಲ್ಕು ಬ್ಯಾಕ್ ಉಳಿಸಿಕೊಂಡು ಮನೆಗೆ ಬಂದ. ಅವನಿಗೆ ಏನು ಕಡಿಮೆಯಾಯಿತೋ ಇವತ್ತಿಗೂ ತಿಳಿದಿಲ್ಲ. ಇಂಥದ್ದರ ಬಗ್ಗೆ ಯಾರಾದರೂ ಸಂಶೋಧನೆ ಮಾಡಿದ್ದಾರಾ?

— ಹಾವೇರಿ ಜಿಲ್ಲೆಯ ಓದುಗರು (ಹೆಸರು ಬೇಡ ಎಂದಿದ್ದಾರೆ)

ಸಂಪಾದಕರ ಉತ್ತರ

ನೀವು ಕೇಳಿದ್ದು ಮಗಳ ಬಗ್ಗೆ. ಆದರೆ ಪತ್ರದ ಭಾರವೆಲ್ಲ ಮಗನ ಮೇಲಿದೆ. ಹಾಗಾಗಿ ಅವನಿಂದಲೇ ಶುರು ಮಾಡುತ್ತೇನೆ. ನಿಮ್ಮ ಪ್ರಶ್ನೆಗೆ ತುಂಬ ಹತ್ತಿರದ ಸಂಶೋಧನೆ ಒಂದಿದೆ. ಅದು ನಡೆದದ್ದು ಅಮೆರಿಕದಲ್ಲಿ, 1970ರ ದಶಕದಲ್ಲಿ. ಅಷ್ಟು ದೂರದ್ದು, ಅಷ್ಟು ಹಳೆಯದು ಎಂದು ಪಕ್ಕಕ್ಕಿಡಬೇಡಿ.

ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಯೂರಿ ಟ್ರೈಸ್ಮನ್ ಎಂಬ ತರುಣ ಗಣಿತದವರು ಇದ್ದರು. ಅಲ್ಲಿಗೆ ಬರುತ್ತಿದ್ದ ಕಪ್ಪು ವಿದ್ಯಾರ್ಥಿಗಳಲ್ಲಿ ಬಹಳ ಮಂದಿ ಮೊದಲ ವರ್ಷದ ಕ್ಯಾಲ್ಕುಲಸ್‌ನಲ್ಲಿ ಮುಗ್ಗರಿಸುತ್ತಿದ್ದರು. ಯಾಕೆ ಎಂದು ಟ್ರೈಸ್ಮನ್ ಅಧ್ಯಾಪಕರನ್ನೇ ಕೇಳಿದರು. ಉತ್ತರಗಳು ನಾವೂ ಕೊಡುವಂಥವೇ: ಓದುವ ಛಲ ಇಲ್ಲ, ತಳಪಾಯ ಗಟ್ಟಿಯಿಲ್ಲ, ಮನೆಯವರ ಒತ್ತಾಸೆ ಇಲ್ಲ, ಬಡತನ. ಟ್ರೈಸ್ಮನ್ ಅಷ್ಟಕ್ಕೆ ಬಿಡಲಿಲ್ಲ. ಇಪ್ಪತ್ತು ಕಪ್ಪು ವಿದ್ಯಾರ್ಥಿಗಳನ್ನೂ, ಅದೇ ಗಣಿತದಲ್ಲಿ ಚೆನ್ನಾಗಿ ಮಾಡುತ್ತಿದ್ದ ಇಪ್ಪತ್ತು ಚೀನೀ ಮೂಲದ ವಿದ್ಯಾರ್ಥಿಗಳನ್ನೂ ಹತ್ತಿರದಿಂದ ಗಮನಿಸಿದರು. ಅವರು ಹೇಗೆ ಓದುತ್ತಾರೆ, ಎಲ್ಲಿ ಕೂರುತ್ತಾರೆ, ತಿಳಿಯದಿದ್ದಾಗ ಏನು ಮಾಡುತ್ತಾರೆ ಎಂದು ಅವರ ಜೊತೆಗೇ ಇದ್ದು ನೋಡಿದರು.

ಅಧ್ಯಾಪಕರ ಊಹೆಗಳು ಒಂದೊಂದಾಗಿ ಬಿದ್ದುಹೋದವು. ಕಪ್ಪು ಹುಡುಗರಲ್ಲಿ ಅನೇಕರು ತಮ್ಮ ಶಾಲೆಗೇ ಮೊದಲಿಗರಾಗಿದ್ದವರು. ಅವರ ತಂದೆತಾಯಿ ಮಕ್ಕಳ ಓದಿಗಾಗಿ ಜೀವ ತೇಯ್ದವರು. ಛಲಕ್ಕೂ ಕೊರತೆ ಇರಲಿಲ್ಲ. ತರಗತಿಗೆ ತಪ್ಪದೆ ಬರುತ್ತಿದ್ದರು, ಹೋಂವರ್ಕ್ ಮುಗಿಸುತ್ತಿದ್ದರು, ಹೇಳಿದಷ್ಟು ಗಂಟೆ ಓದುತ್ತಿದ್ದರು. ಆದರೆ ಒಬ್ಬರೇ ಓದುತ್ತಿದ್ದರು. ಸ್ನೇಹಿತರು ಬೇರೆ, ಓದು ಬೇರೆ. ಲೆಕ್ಕ ಬಿಡಿಸಲು ಆಗದಿದ್ದಾಗ ಲೆಕ್ಕವೇ ಕಷ್ಟದ್ದಾ, ತನಗೆ ಮಾತ್ರ ಬರುತ್ತಿಲ್ಲವಾ ಎಂದು ತಿಳಿಯುವ ದಾರಿಯೇ ಅವರಿಗೆ ಇರಲಿಲ್ಲ.

ಚೀನೀ ಮೂಲದವರದ್ದು ಬೇರೆ ರೀತಿ. ಮೊದಲು ಒಬ್ಬೊಬ್ಬರೇ ಲೆಕ್ಕ ಮಾಡುತ್ತಿದ್ದರು. ಸಂಜೆ ಸೇರುತ್ತಿದ್ದರು. ಜೊತೆಗೇ ಊಟ, ಜೊತೆಗೇ ಓದು. ಉತ್ತರಗಳನ್ನು ಪಕ್ಕಪಕ್ಕ ಇಟ್ಟು ನೋಡುತ್ತಿದ್ದರು. ಎಲ್ಲರಿಗೂ ಒಂದು ಉತ್ತರ, ಒಬ್ಬನಿಗೆ ಮಾತ್ರ ಬೇರೆ ಬಂದರೆ ತಪ್ಪು ಯಾರದೆಂದು ಅಲ್ಲೇ ಗೊತ್ತಾಗುತ್ತಿತ್ತು. ಯಾರಿಗೂ ಬರದಿದ್ದರೆ ಲೆಕ್ಕವೇ ಕಷ್ಟದ್ದು ಎಂದು ಸಮಾಧಾನವಾಗುತ್ತಿತ್ತು. ಮನೆಯ ಅಣ್ಣ ಅಕ್ಕಂದಿರು ಬಂದು ಹಳೆಯ ಪ್ರಶ್ನೆಪತ್ರಿಕೆ ಇಟ್ಟುಕೊಂಡು ಕೇಳುತ್ತಿದ್ದರು.

ಟ್ರೈಸ್ಮನ್ ಮುಂದೆ ಮಾಡಿದ್ದು ಇದಕ್ಕಿಂತ ಮುಖ್ಯ. ಕಪ್ಪು ವಿದ್ಯಾರ್ಥಿಗಳನ್ನು 'ಹಿಂದುಳಿದವರ ವಿಶೇಷ ತರಗತಿ'ಗೆ ಕಳಿಸಲಿಲ್ಲ. ಅದರ ಬದಲು ಜಾಣರಿಗೆಂದೇ ಮಾಡಿದ ಗುಂಪು ಎಂದು ಕರೆದರು. ಸುಲಭದ ಲೆಕ್ಕ ಕೊಡಲಿಲ್ಲ, ಕಠಿಣವಾದದ್ದನ್ನೇ ಕೊಟ್ಟು ಜೊತೆಯಲ್ಲಿ ಕೂರಿಸಿದರು. ಆ ಗುಂಪುಗಳಿಗೆ ಬಂದವರು ಕ್ಯಾಲ್ಕುಲಸ್‌ನಲ್ಲಿ ತಮ್ಮ ಬಿಳಿಯ ಮತ್ತು ಏಷ್ಯಾ ಮೂಲದ ಸಹಪಾಠಿಗಳನ್ನೂ ಮೀರಿಸಿದರು. ಮುಂದೆ ಅಮೆರಿಕದ ಇನ್ನೂ ಅನೇಕ ವಿಶ್ವವಿದ್ಯಾಲಯಗಳು ಈ ಕ್ರಮವನ್ನು ತೆಗೆದುಕೊಂಡವು.

ನಿಮ್ಮ ಮಗನಿಗೆ ಏನಾಯಿತೆಂದು ಇಲ್ಲಿ ಕೂತು ಖಚಿತವಾಗಿ ಹೇಳಲು ನನ್ನಿಂದ ಆಗದು. ಆದರೆ 'ಏನು ಕಡಿಮೆಯಾಯಿತು' ಎಂದು ಅವನೊಳಗೇ ಹುಡುಕುತ್ತಿದ್ದೀರಲ್ಲ, ಅದನ್ನು ದಯವಿಟ್ಟು ನಿಲ್ಲಿಸಿ. ಅವನು ರಾತ್ರಿ ಯಾರ ಜೊತೆ ಕೂತು ಓದುತ್ತಿದ್ದ ಎಂದು ಯಾವತ್ತಾದರೂ ಕೇಳಿದ್ದೀರಾ?

ಇದನ್ನು ನಾನು ಇಷ್ಟು ಒತ್ತಿ ಹೇಳುವುದಕ್ಕೆ ನನ್ನದೇ ಒಂದು ಕಾರಣ ಇದೆ. ನಾನೂ ಹತ್ತನೇ ತರಗತಿವರೆಗೆ ಕನ್ನಡದಲ್ಲೇ ಓದಿದವನು. ಪೇಟೆಯ ಕಾಲೇಜಿನಲ್ಲಿ ಮೊದಲ ಫಿಸಿಕ್ಸ್ ಕ್ಲಾಸು ಮುಗಿದಾಗ ನೋಟ್ಸಿನ ಪುಟ ಖಾಲಿ ಇತ್ತು. ಕೇಳಲು ಬಾಯಿ ಬರಲಿಲ್ಲ. ವಾರದಲ್ಲಿ ಎರಡು ಸಲ ಊರಿಗೆ ವಾಪಸ್ ಹೋಗಿಬಿಡೋಣ ಅನಿಸುತ್ತಿತ್ತು. ನನ್ನನ್ನು ಹಿಡಿದು ನಿಲ್ಲಿಸಿದ್ದು ಹಾಸ್ಟೆಲ್ಲಿನ ಪಡಸಾಲೆ. ರಾತ್ರಿ ತಟ್ಟೆ ತೊಳೆದಿಟ್ಟು ಏಳೆಂಟು ಜನ ಅಲ್ಲಿನ ಟ್ಯೂಬ್‌ಲೈಟಿನ ಕೆಳಗೆ ಕೂರುತ್ತಿದ್ದೆವು. ಒಬ್ಬ ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಓದುತ್ತಿದ್ದ, ಇನ್ನೊಬ್ಬ ಕನ್ನಡದಲ್ಲಿ ಬಿಡಿಸಿ ಹೇಳುತ್ತಿದ್ದ. 'ಆ್ಯಕ್ಸಲರೇಷನ್ ಅಂದ್ರೆ ನಮ್ಮ ವೇಗೋತ್ಕರ್ಷ ಕಣೋ' ಎಂದು ಒಬ್ಬ ಸೀನಿಯರ್ ಹೇಳಿದ ರಾತ್ರಿ ನನಗೆ ಇನ್ನೂ ನೆನಪಿದೆ. ಅದು ನನಗೆ ಗೊತ್ತಿದ್ದ ವಿಷಯ! ಗೊತ್ತಿಲ್ಲದ್ದು ಅದರ ಹೊಸ ಹೆಸರು ಮಾತ್ರ. ನನ್ನ ತಂದೆಯ ಕಾಲದವರು ವಾರಾನ್ನ ಉಂಡು ಓದಿದವರು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಅನ್ನದ ಜೊತೆ 'ಪರೀಕ್ಷೆ ಯಾವಾಗಪ್ಪಾ' ಎಂದು ಕೇಳುವ ಒಂದು ದನಿಯೂ ಅಲ್ಲಿ ಸಿಗುತ್ತಿತ್ತು.

ಈಗ ತೃಪ್ತಿಯ ಲೆಕ್ಕ. ಅದು ಸುಳ್ಳೇ ಆಗಿರಬೇಕೆಂದಿಲ್ಲ. ಆದರೆ ತೃಪ್ತಿಯಾಗುವುದು ಒಂದು, ಕಲಿಯುವುದು ಇನ್ನೊಂದು. ಇವೆರಡು ಎದುರುಬದುರು ನಿಂತ ಉದಾಹರಣೆಗಳೂ ಇವೆ. ಕೊಲೊರಾಡೊದಲ್ಲಿರುವ ಅಮೆರಿಕದ ವಾಯುಪಡೆ ಅಕಾಡೆಮಿಯಲ್ಲಿ ಯಾವ ವಿದ್ಯಾರ್ಥಿಗೆ ಯಾವ ಅಧ್ಯಾಪಕರು ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸುತ್ತಾರೆ. ಪರೀಕ್ಷೆ ಎಲ್ಲರಿಗೂ ಒಂದೇ. ಸ್ಕಾಟ್ ಕ್ಯಾರೆಲ್ ಮತ್ತು ಜೇಮ್ಸ್ ವೆಸ್ಟ್ ಅಲ್ಲಿನ 10 ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳ ದಾಖಲೆ ನೋಡಿ 2010ರಲ್ಲಿ ಪ್ರಕಟಿಸಿದರು. ಕೆಲವು ಅಧ್ಯಾಪಕರ ಕೈಯಲ್ಲಿ ಮೊದಲ ಕ್ಯಾಲ್ಕುಲಸ್ ಕೋರ್ಸಿನ ಅಂಕ ಚೆನ್ನಾಗಿ ಬರುತ್ತಿತ್ತು. ವಿದ್ಯಾರ್ಥಿಗಳು ಅವರನ್ನು ಹೊಗಳಿಯೂ ಬರೆಯುತ್ತಿದ್ದರು. ಆದರೆ ಅದೇ ವಿದ್ಯಾರ್ಥಿಗಳು ಮುಂದಿನ, ಇನ್ನೂ ಕಷ್ಟದ ಕೋರ್ಸುಗಳಲ್ಲಿ ಹಿಂದೆ ಬಿದ್ದರು. ಹಾರ್ವರ್ಡ್‌ನ ಫಿಸಿಕ್ಸ್ ತರಗತಿಗಳಲ್ಲಿ ನಡೆಸಿ 2019ರಲ್ಲಿ ಪ್ರಕಟಿಸಿದ ಪ್ರಯೋಗವೂ ಇದನ್ನೇ ಹೇಳಿತು. ಸರಾಗವಾದ ಉಪನ್ಯಾಸ ಕೇಳಿದವರು 'ಜಾಸ್ತಿ ಕಲಿತೆವು' ಅಂದರು. ತಾವೇ ಲೆಕ್ಕಕ್ಕೆ ಕೈ ಹಾಕಿ ತಿಣುಕಿದವರು 'ಅಷ್ಟೇನೂ ಕಲಿಯಲಿಲ್ಲ' ಅಂದರು. ಪರೀಕ್ಷೆ ಇಟ್ಟಾಗ ಜಾಸ್ತಿ ಕಲಿತಿದ್ದವರು ತಿಣುಕಿದವರೇ.

ನಮ್ಮಲ್ಲೂ ಈಗ ತೃಪ್ತಿಯನ್ನು ಅಳೆಯುತ್ತಾರೆ. ಕಾಲೇಜುಗಳ ಗುಣಮಟ್ಟ ಅಳೆಯುವ, ಬೆಂಗಳೂರಿನಲ್ಲೇ ಕೇಂದ್ರ ಕಚೇರಿ ಇರುವ ನ್ಯಾಕ್ ಸಂಸ್ಥೆ 2017ರಲ್ಲಿ ತನ್ನ ಮೌಲ್ಯಮಾಪನಕ್ಕೆ ವಿದ್ಯಾರ್ಥಿ ತೃಪ್ತಿ ಸಮೀಕ್ಷೆಯನ್ನು ಸೇರಿಸಿತು. ವಿದ್ಯಾರ್ಥಿಯ ಮಾತಿಗೆ ಬೆಲೆ ಕೊಟ್ಟದ್ದು ಒಳ್ಳೆಯದೇ. ಅದರಲ್ಲಿ ನನಗೆ ಇಷ್ಟವಾದ ಒಂದು ಪ್ರಶ್ನೆಯೂ ಇದೆ: ನಿಮ್ಮ ಮೆಂಟರ್ (ದಾರಿ ತೋರಿಸುವ ಅಧ್ಯಾಪಕರು) ಕೊಟ್ಟ ಕೆಲಸ ಏನಾಯಿತೆಂದು ಮತ್ತೆ ವಿಚಾರಿಸುತ್ತಾರಾ? ಎಷ್ಟೋ ಕಾಲೇಜುಗಳು ಈ ಸಮೀಕ್ಷೆಯ ವರದಿಯನ್ನು ತಮ್ಮ ವೆಬ್‌ಸೈಟಿನಲ್ಲಿ ಹಾಕಿರುತ್ತವೆ. ಒಟ್ಟು ಅಂಕ ಬಿಡಿ, ಈ ಒಂದು ಪ್ರಶ್ನೆಗೆ ಮಕ್ಕಳು ಏನಂದಿದ್ದಾರೆ ನೋಡಿ. ಕೇಂದ್ರ ಸರ್ಕಾರ 2016ರಿಂದ ಕಾಲೇಜುಗಳಿಗೆ ಕೊಡುತ್ತಿರುವ ಎನ್‌ಐಆರ್‌ಎಫ್ ರ‍್ಯಾಂಕಿಂಗ್‌ನಲ್ಲೂ 'ಅಭಿಪ್ರಾಯ' ಎಂಬ ಒಂದು ಭಾಗ ಇದೆ. ಆದರೆ ಅದು ಕೆಲಸ ಕೊಡುವವರ ಮತ್ತು ಬೇರೆ ಕಡೆಯ ಪ್ರಾಧ್ಯಾಪಕರ ಅಭಿಪ್ರಾಯ, ಅಲ್ಲಿ ಓದುವ ಮಕ್ಕಳದ್ದಲ್ಲ.

ಹಾಗಾದರೆ ದೊಡ್ಡ ಹೆಸರಿಗೆ ಬೆಲೆಯೇ ಇಲ್ಲವಾ? ಇಲ್ಲಿ ನಾನು ಆತುರದ ಉತ್ತರ ಕೊಡಲಾರೆ. ಸ್ಟೇಸಿ ಡೇಲ್ ಮತ್ತು ಆಲನ್ ಕ್ರೂಗರ್ ಎಂಬ ಸಂಶೋಧಕರು 1976ರಲ್ಲಿ ಅಮೆರಿಕದ ಕಾಲೇಜುಗಳಿಗೆ ಸೇರಿದವರ ಮುಂದಿನ ಗಳಿಕೆಯನ್ನು ಹಿಡಿದು ನೋಡಿದರು. ಹೆಸರಾಂತ ಕಾಲೇಜಿನಲ್ಲಿ ಸೀಟು ಸಿಕ್ಕಿಯೂ ಅಷ್ಟು ಹೆಸರಿಲ್ಲದ ಕಡೆಗೆ ಹೋದವರ ಸಂಬಳವನ್ನು, ಹೆಸರಾಂತ ಕಡೆಗೇ ಹೋದವರ ಸಂಬಳದ ಜೊತೆ ಹೋಲಿಸಿದರು. ಹೆಚ್ಚುಕಡಿಮೆ ವ್ಯತ್ಯಾಸವೇ ಇರಲಿಲ್ಲ. ಅಂದರೆ ಫಲ ಕೊಟ್ಟಿದ್ದು ಕಾಲೇಜಿನ ಬೋರ್ಡಲ್ಲ, ಆ ಹುಡುಗ ಹುಡುಗಿಯರೇ. 2002ರಲ್ಲಿ ಇದು ಪ್ರಕಟವಾದಾಗ ಬಹಳ ಚರ್ಚೆ ಆಯಿತು.

ಆದರೆ ಅದೇ ಅಧ್ಯಯನದಲ್ಲಿ ಒಂದು ಅಪವಾದ ಇದೆ, ಅದು ನಿಮ್ಮ ಮನೆಗೆ ಸಂಬಂಧಿಸಿದ್ದು. ಬಡ ಕುಟುಂಬದಿಂದ ಬಂದವರಿಗೆ ಹೆಸರಾಂತ ಕಾಲೇಜಿನಿಂದ ನಿಜವಾಗಿಯೂ ಲಾಭವಾಗಿತ್ತು. ಅವರ ಮುಂದಿನ ಅಧ್ಯಯನದಲ್ಲಿ ಹೆಚ್ಚು ಓದದ ತಂದೆತಾಯಿಯ ಮಕ್ಕಳ ವಿಷಯದಲ್ಲೂ ಹೀಗೇ ಕಂಡಿತು. ನನಗೆ ತೋಚುವ ಕಾರಣ ಇಷ್ಟು. ಡಾಕ್ಟರ ಮಗಳಿಗೆ ಯಾವ ಪರೀಕ್ಷೆ ಬರೆಯಬೇಕು, ಯಾರನ್ನು ಕೇಳಬೇಕು ಎಂಬುದು ಊಟದ ಹೊತ್ತಿಗೇ ತಿಳಿಯುತ್ತದೆ. ನಿಮ್ಮ ಮಗಳಿಗೆ ಅದನ್ನು ಕಾಲೇಜೇ ಹೇಳಿಕೊಡಬೇಕು. ಹಾಗಾಗಿ 'ದೂರ, ಖರ್ಚು' ಎಂದು ಬೆಂಗಳೂರನ್ನು ಸುಮ್ನೆ ತಳ್ಳಿಹಾಕಬೇಡಿ. ಹಾಗೆಂದು ಸೀಟು ಸಿಕ್ಕ ಮಾತ್ರಕ್ಕೆ ಆ ಲಾಭವೂ ಸಿಗುವುದಿಲ್ಲ. ನಿಮ್ಮ ಮಗನಿಗೂ ಸೀಟು ಸಿಕ್ಕಿತ್ತು ಅಲ್ವಾ?

ಇನ್ನೊಂದು ಮಾತು, ಸಂಸ್ಕೃತಿಯದ್ದು. ವಿದ್ಯಾರ್ಥಿಗಳು ಕಾಲೇಜು ಬಿಡುವುದು ಯಾಕೆ ಎಂಬ ಬಗ್ಗೆ ವಿನ್ಸೆಂಟ್ ಟಿಂಟೊ 1975ರಲ್ಲಿ ಬರೆದದ್ದು ಇವತ್ತಿಗೂ ಎಲ್ಲರೂ ಉಲ್ಲೇಖಿಸುವ ಸಿದ್ಧಾಂತ. ಪಾಠದ ನಂಟು, ಅಲ್ಲಿನ ಜನರ ನಂಟು ಎರಡೂ ಬೆಳೆಯದಿದ್ದರೆ ವಿದ್ಯಾರ್ಥಿ ಹೊರಗೆ ಬೀಳುತ್ತಾನೆ ಎಂಬುದು ಅದರ ತಿರುಳು. ಆದರೆ ಟಿಂಟೊ ಮುಂದೆ ಅದನ್ನು ಬೆಳೆಸಿದಾಗ, ಹೊಸ ಜಾಗಕ್ಕೆ ಸೇರಬೇಕಾದರೆ ಹಳೆಯದನ್ನು ಬಿಟ್ಟು ಬರಬೇಕು ಎಂಬ ಭಾವನೆಯೂ ಅದರಲ್ಲಿ ಸೇರಿತು. ವಿಲಿಯಂ ಟಿಯರ್ನಿ 1992ರಲ್ಲಿ ಇದನ್ನು ಕಟುವಾಗಿ ಪ್ರಶ್ನಿಸಿದರು. ತಮ್ಮವರ ರೀತಿನೀತಿ ಕಳಚಿಟ್ಟು ಬನ್ನಿ ಎಂದು ಕೇಳುವುದು ಯಾವ ನ್ಯಾಯ ಎಂಬುದು ಅವರ ವಾದ. ನಾನು ಪೂರ್ತಿ ಟಿಯರ್ನಿಯವರ ಕಡೆ. ನಿಕೋಲ್ ಸ್ಟೀಫನ್ಸ್ ಮತ್ತು ಸಂಗಡಿಗರು 2012ರಲ್ಲಿ ಒಂದು ಸರಳ ಪ್ರಯೋಗ ಪ್ರಕಟಿಸಿದರು. ಹೊಸ ವಿದ್ಯಾರ್ಥಿಗಳಿಗೆ ಎರಡು ಥರದ ಸ್ವಾಗತ ಪತ್ರ ಕೊಟ್ಟರು. ಒಂದರಲ್ಲಿ 'ನಿನ್ನ ದಾರಿ ನೀನೇ ಮಾಡಿಕೋ' ಎಂಬ ಧಾಟಿ. ಇನ್ನೊಂದರಲ್ಲಿ 'ಎಲ್ಲರೊಡನೆ ಸೇರಿ ಕಲಿ' ಎಂಬ ಧಾಟಿ. ಆಮೇಲೆ ಬಿಡಿಸಲು ಪದಗಳ ಒಗಟಿನಂಥ ಕೆಲಸ ಕೊಟ್ಟರು. ಮೊದಲ ಪತ್ರ ಓದಿದಾಗ, ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಕಂಡ ಮಕ್ಕಳು ಹಿಂದೆ ಬಿದ್ದರು. ಎರಡನೆಯದು ಓದಿದಾಗ ಆ ಅಂತರವೇ ಉಳಿಯಲಿಲ್ಲ. ಮಕ್ಕಳು ಒಂದೇ ಥರದವರು, ಕೆಲಸವೂ ಒಂದೇ. ಬದಲಾದದ್ದು ಅವರನ್ನು ಒಳಗೆ ಕರೆದ ರೀತಿ.

ಅಂಗಡಿಯ ಲೆಕ್ಕ ಬರೆದು, ತಮ್ಮ ತಂಗಿಯರಿಗೆ ಪಾಠ ಹೇಳಿ, ಓಣಿಯ ಮದುವೆಗೆಲ್ಲ ಕೈ ಹಚ್ಚಿ ಬೆಳೆದ ಹುಡುಗಿಗೆ 'ಇಲ್ಲಿ ಯಾರನ್ನೂ ನೆಚ್ಚಬೇಡ' ಎಂದು ಹೇಳಿ ಕಳಿಸಬೇಡಿ. ನಾವು ಎಷ್ಟೋ ಜನ ಪ್ರೀತಿಯಿಂದಲೇ ಹೀಗೆ ಹೇಳುತ್ತೇವೆ. ಅದು ಅವಳಿಗಿರುವ ದೊಡ್ಡ ಬಲವನ್ನೇ ಕಟ್ಟಿಹಾಕಿದಂತೆ.

ಸೀಟು ಪಕ್ಕಾ ಮಾಡುವ ಮೊದಲು ಮಗಳನ್ನು ಕರೆದುಕೊಂಡು ಎರಡೂ ಕಾಲೇಜಿಗೆ ಹೋಗಿಬನ್ನಿ. ಅಡ್ಮಿಷನ್ ಕೌಂಟರಿನ ದಿನ ಬೇಡ. ಮಾಮೂಲಿ ದಿನ, ಸಂಜೆ ನಾಲ್ಕರ ಮೇಲೆ ಹೋಗಿ. ಲೈಬ್ರರಿ ತೆರೆದಿದೆಯಾ? ಮಕ್ಕಳು ಮಾತಾಡಿಕೊಂಡು ಓದಲು ಒಂದು ಜಾಗ ಇದೆಯಾ, ಅಥವಾ ಕ್ಲಾಸು ಮುಗಿದ ಕೂಡಲೇ ಗೇಟು ಖಾಲಿಯಾಗುತ್ತದಾ? ಕನ್ನಡ ಮಾಧ್ಯಮದಿಂದ ಬಂದ ಎರಡನೇ ವರ್ಷದ ಹುಡುಗಿ ಒಬ್ಬಳನ್ನು ಹುಡುಕಿ. ಅಂಥವಳು ಸಿಗುವುದೇ ಇಲ್ಲ ಎಂದರೆ ಅದೂ ಒಂದು ಉತ್ತರವೇ. ಸಿಕ್ಕರೆ 'ಕಾಲೇಜು ಚೆನ್ನಾಗಿದೆಯಾ' ಎಂದು ಕೇಳಬೇಡಿ. ಮೊದಲ ಇಂಟರ್ನಲ್ಸ್‌ನಲ್ಲಿ ಮಾರ್ಕ್ಸ್ ಕಡಿಮೆ ಬಂದಾಗ ಯಾರ ಹತ್ತಿರ ಹೋದೆ ಎಂದು ಕೇಳಿ. ಅವಳು ತಟ್ಟನೆ ಒಂದು ಹೆಸರು ಹೇಳಿದರೆ, ಲೆಕ್ಚರರ್ ಆಗಲಿ ಸೀನಿಯರ್ ಆಗಲಿ ರೂಮ್‌ಮೇಟ್ ಆಗಲಿ, ಆ ಕಾಲೇಜನ್ನು ನಂಬಬಹುದು. ಬೆಂಗಳೂರಿನಲ್ಲಿ ಆ ಹೆಸರು ಕೇಳಿಬಂದರೆ ಸಾಲವಾದರೂ ಕಳಿಸಿ ಎಂದೇ ನಾನು ಹೇಳುವುದು. ಬಸ್ಸಿನ ದೂರದ ಕಾಲೇಜಿನಲ್ಲಿ ಮಾತ್ರ ಕೇಳಿಬಂದರೆ ಅಲ್ಲಿಗೇ ಸೇರಿಸಿ. ಬೆಂಗಳೂರಾದರೆ ಮೊದಲ ವರ್ಷ ಹಾಸ್ಟೆಲ್ಲೇ ಇರಲಿ, ದೂರದ ನೆಂಟರ ಮನೆ ಬೇಡ. ಸಂಜೆಯ ಹೊತ್ತು ಅವಳು ಓದುವವರ ನಡುವೆ ಇರಬೇಕು.

ಎರಡೂ ಕಡೆ ನಿಮ್ಮ ಮಗನನ್ನೂ ಕರೆದುಕೊಂಡು ಹೋಗಿ. ಅಲ್ಲಿ ತಂಗಿಗೆ ಏನು ಕೇಳಬೇಕೆಂದು ನಿಮಗಿಂತ, ನನಗಿಂತ ಅವನಿಗೆ ಚೆನ್ನಾಗಿ ಗೊತ್ತು. ಬರುವಾಗ ಬಸ್ಸಿನಲ್ಲಿ ಅವನ ಆ ಮೊದಲ ವರ್ಷದ ಬಗ್ಗೆ ಕೇಳಿ, ಅವನು ಹೇಳುವುದನ್ನು ನಡುವೆ ಬಾಯಿ ಹಾಕದೆ ಕೇಳಿಸಿಕೊಳ್ಳಿ. ಉಳಿದ ನಾಲ್ಕು ಪೇಪರ್ ಬರೆಯಲು ಅವನಿಗೆ ಇನ್ನೂ ಅವಕಾಶ ಇದೆಯಾ ಎಂದು ಅವನ ಕಾಲೇಜಿನಲ್ಲಿ ಈ ತಿಂಗಳೇ ವಿಚಾರಿಸಿ. ಇದ್ದರೆ, ಜೊತೆಗೆ ಕೂತು ಓದಲು ಇಬ್ಬರು ಹುಡುಗರನ್ನು ಹುಡುಕಿಕೊಡಿ. ನಿಮ್ಮ ಅಂಗಡಿಯ ಹಿಂದಿನ ಕೋಣೆಯೇ ಸಾಕು.