ಎಫ್‌ಎಂಆರ್‌ಐ (ಮಿದುಳಿನ ಚಟುವಟಿಕೆ ತೋರಿಸುವ ಎಂಆರ್‌ಐ ಸ್ಕ್ಯಾನ್) ಚಿತ್ರದಲ್ಲಿ ಬಣ್ಣ ಬಳಿದು ತೋರಿಸುವುದು ನರಕೋಶಗಳ ವಿದ್ಯುತ್ತನ್ನೇ? ಇಇಜಿ (ತಲೆಯ ಮೇಲೆ ಎಲೆಕ್ಟ್ರೋಡ್ ಇಟ್ಟು ಮಿದುಳಿನ ವಿದ್ಯುತ್ ಅಳೆಯುವ ಪರೀಕ್ಷೆ) ಮಾಡಿದರೆ ಸಾಲದೇ?

ವಿದ್ಯುತ್ತನ್ನಲ್ಲ, ರಕ್ತವನ್ನು. ನರಕೋಶಗಳು ಚುರುಕಾದ ಜಾಗಕ್ಕೆ ಅವುಗಳ ಬಳಕೆಯನ್ನೂ ಮೀರಿ ಆಮ್ಲಜನಕ ತುಂಬಿದ ರಕ್ತ ನುಗ್ಗುತ್ತದೆ. ಆಮ್ಲಜನಕ ಕಳೆದುಕೊಂಡ ಹಿಮೋಗ್ಲೋಬಿನ್ ಸುತ್ತಲಿನ ಕಾಂತಕ್ಷೇತ್ರವನ್ನು ಕದಡುತ್ತದೆ. ಅದರ ಪಾಲು ಇಳಿದಾಗ ಯಂತ್ರ ಹಿಡಿಯುವ ಸಂಕೇತ ತುಸು ಏರುತ್ತದೆ. 1990ರಲ್ಲಿ ಸೇಜಿ ಒಗಾವಾ ಇಲಿಗಳ ಮಿದುಳಿನಲ್ಲಿ ತೋರಿಸಿದ್ದು ಇದನ್ನೇ, ಹೆಸರು 'ಬೋಲ್ಡ್' (ರಕ್ತದ ಆಮ್ಲಜನಕ ಮಟ್ಟವನ್ನು ಅವಲಂಬಿಸಿದ ಸಂಕೇತ). 3 ಟೆಸ್ಲಾದಷ್ಟು ಪ್ರಬಲ ಕಾಂತಕ್ಷೇತ್ರದ ಯಂತ್ರದಲ್ಲೂ ಏರಿಕೆ ಶೇಕಡಾ ಒಂದೆರಡರ ಆಸುಪಾಸು. ಅದೂ ತಡ: ಕ್ಷಣಕಾಲ ಬೆಳಕು ಮಿಂಚಿಸಿದರೆ ಸಂಕೇತ ತುದಿ ಮುಟ್ಟಲು ಸುಮಾರು 5 ಸೆಕೆಂಡು ಬೇಕು. ಚಿತ್ರದ ಒಂದು ಚುಕ್ಕೆಯಾದ 3 ಮಿ.ಮೀ. ಬದಿಯ ಒಂದು ಘನದೊಳಗೆ ಲಕ್ಷಗಟ್ಟಲೆ ನರಕೋಶಗಳಿರುತ್ತವೆ ಎಂಬುದನ್ನೂ ಮರೆಯಬೇಡಿ.

ಇಇಜಿ ಮಿಲಿಸೆಕೆಂಡುಗಳ ಏರಿಳಿತ ಹಿಡಿಯುತ್ತದೆ, ಆದರೆ ತಲೆಬುರುಡೆ ಸಂಕೇತವನ್ನು ಹರಡಿಬಿಡುವುದರಿಂದ ಮೂಲ ಎಲ್ಲಿ ಎಂಬುದು ಮಸುಕು. ಹಾಗಾಗಿ 'ಯಾವಾಗ' ಎಂಬ ಪ್ರಶ್ನೆಗೆ ಇಇಜಿ, 'ಎಲ್ಲಿ' ಎಂಬುದಕ್ಕೆ ಎಫ್‌ಎಂಆರ್‌ಐ.

ಕೆಡುವುದು ಎಲ್ಲಿ? ಇಇಜಿಯಲ್ಲಿ ಎಣ್ಣೆ ಹಚ್ಚಿದ ತಲೆ ಮೊದಲ ಶತ್ರು: ಎಲೆಕ್ಟ್ರೋಡ್ ಸರಿಯಾಗಿ ತಾಗುವುದಿಲ್ಲ. ಹಿಂದಿನ ರಾತ್ರಿ ಶಾಂಪೂ ಹಾಕಿ ತೊಳೆದು, ಎಣ್ಣೆ ಮುಟ್ಟದೆ ಬರಬೇಕು. ಕಣ್ಣು ಮಿಟುಕಿಸಿದರೂ ಮಿದುಳಿನ ಅಲೆಗಿಂತ ದೊಡ್ಡ ಅಲೆ ಏಳುತ್ತದೆ. ಎಫ್‌ಎಂಆರ್‌ಐಯಲ್ಲಿ ತಲೆ ಒಂದೆರಡು ಮಿ.ಮೀ. ಅಲುಗಿದರೆ ಸುಳ್ಳು ಚಟುವಟಿಕೆ ಕಾಣಬಹುದು. ಲೆಕ್ಕದ ತಪ್ಪು ಇನ್ನೂ ಅಪಾಯಕಾರಿ. ಸಾವಿರಾರು ಘನಗಳನ್ನು ಒಂದೊಂದಾಗಿ ಪರೀಕ್ಷಿಸುವಾಗ, ಅಷ್ಟೊಂದು ಪರೀಕ್ಷೆಗಳಿಗೆ ತಕ್ಕಂತೆ ಲೆಕ್ಕದಲ್ಲಿ ತಿದ್ದುಪಡಿ ಮಾಡದಿದ್ದರೆ ಕೆಲವು ಆಕಸ್ಮಿಕವಾಗಿಯೇ 'ಹೊತ್ತಿಕೊಳ್ಳುತ್ತವೆ'. 2009ರಲ್ಲಿ ಅಮೆರಿಕದ ಸಂಶೋಧಕರು ಸತ್ತ ಸಾಲ್ಮನ್ ಮೀನಿನ ಮಿದುಳಿನಲ್ಲೂ ಹೀಗೆ 'ಚಟುವಟಿಕೆ' ಬಂದದ್ದನ್ನು ತೋರಿಸಿದ್ದರು!